ಗಿಡ ನೆಡಲು ಮರ ಕಡಿಯುವ ಅರ್ಜಿ

ಕೊರೋನಾ ಕಳೆದ ಮರುವರ್ಷ ನಾನು ಹುಣಸೂರಿನಲ್ಲಿ ಎಸಿಎಫ್, ಅಂದರೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ದಿನನಿತ್ಯದ ಕೆಲಸದ ಜೊತೆಗೆ ಆಗ ಇನ್ನೊಂದು ಹೊಣೆ ಬಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಮರಗಳಲ್ಲಿ ಹೆಚ್ಚು ಇಂಗಾಲ ಹಿಡಿದಿಡಬೇಕಾದರೆ ಸರ್ಕಾರ ಯಾವ ಕೆಲಸ ಮೊದಲು ಮಾಡಬೇಕು, ಯಾವುದು ಆಮೇಲೆ ಎಂಬ ಆದ್ಯತಾ ಪಟ್ಟಿಯ ಕರಡು ಸಿದ್ಧಪಡಿಸಬೇಕಿತ್ತು.

ನಾನು ದಿನಚರಿ ಬರೆಯುವವಳು. ಆದರೂ ಇಲ್ಲಿ ಬರುವ ಮಾತೆಲ್ಲ ಆಡಿದ ಹಾಗೆಯೇ ಇದೆ ಎಂದು ಹೇಳಲಾರೆ. ಬರೆದಿಟ್ಟದ್ದಕ್ಕೂ ನೆನಪಿಗೂ ಹೊಂದದ ಕಡೆ ಹಾಗೆಂದೇ ಹೇಳುತ್ತೇನೆ.

ಮರ ಬೆಳೆಯುವಾಗ ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಕಾಂಡ, ಕೊಂಬೆ, ಬೇರುಗಳಲ್ಲಿ ಇಟ್ಟುಕೊಳ್ಳುತ್ತದೆ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆದರೆ ಒಂದು ಅಂದಾಜು ಸಿಗುತ್ತದೆ. ನನ್ನ ಕರಡಿನ ಮೊದಲ ಸಾಲು, ಖಾಲಿ ಸರ್ಕಾರಿ ಜಾಗಗಳಲ್ಲಿ ಹೊಸ ನೆಡುತೋಪು. ಖಾಲಿ ಎಂದರೆ ಮರಗಳ ನೆರಳು ನೂರಕ್ಕೆ ಹತ್ತು ಭಾಗಕ್ಕಿಂತ ಕಡಿಮೆ ಇರುವ ಜಾಗ. ಈ ಸಾಲನ್ನು ನಾನು ಹೊಸದಾಗಿ ಯೋಚಿಸಿ ಬರೆದದ್ದೇನಲ್ಲ. ಹಿಂದಿನ ಮಳೆಗಾಲದಲ್ಲಿ ಪಂಚಾಯಿತಿಗಳಿಗೆ ಕಳಿಸಿದ್ದ ಸುತ್ತೋಲೆಯಲ್ಲೂ ಅದೇ ಇತ್ತು. ಅದನ್ನು ಬರೆದವಳೂ ನಾನೇ. ಖಾಲಿ ಜಾಗ ತೋರಿಸಿದರೆ ಸಸಿ, ತಂತಿಬೇಲಿ, ಮೂರು ವರ್ಷದ ಕಾವಲು ಇಲಾಖೆಯದು ಎಂದು ಅದರಲ್ಲಿ ಹೇಳಿದ್ದೆವು.

ಕರಡು ಮೈಸೂರಿಗೆ ಹೋಗಲು ಎರಡು ವಾರ ಇರುವಾಗ ಬಿಳಿಕೆರೆಯಿಂದ ಒಳಗಿರುವ ಒಂದು ಹಳ್ಳಿಯಿಂದ ಅರ್ಜಿ ಬಂತು. ಗುಂಡುತೋಪಿನ ನಲವತ್ತೊಂದು ಮರಗಳನ್ನು ಕಡಿಯಲು ಅನುಮತಿ ಬೇಕಂತೆ. ಗುಂಡುತೋಪು ಎಂದರೆ ಊರಿಗೆಲ್ಲ ಸೇರಿದ ಹಳೆಯ ಮರಗಳ ತೋಪು. ಅಲ್ಲಿನ ಮರಕ್ಕೆ ಕೊಡಲಿ ಹಾಕಲು ನಮ್ಮ ಸಹಿ ಬೇಕು. ಕಾರಣದ ಜಾಗದಲ್ಲಿ ಹೀಗಿತ್ತು: ‘ಇಲಾಖೆಯ ಸುತ್ತೋಲೆಯಂತೆ ಗಿಡ ನೆಡಲು ಜಾಗ ತೆರವು ಮಾಡುವುದಕ್ಕಾಗಿ.’

ಮರುದಿನ ಬೆಳಿಗ್ಗೆಯೇ ಹೋದೆ. ಮಾವು, ಹುಣಸೆ, ಹೊಂಗೆ, ಎರಡು ನೇರಳೆ. ಕೆಲವು ಕಾಂಡಗಳ ಮೇಲೆ ಆಗಲೇ ಸುಣ್ಣದ ಗುರುತು ಬಿದ್ದಿತ್ತು. ಅರ್ಜಿ ಹಾಕಿದ್ದ ಪಂಚಾಯಿತಿ ಸದಸ್ಯ ಸಿದ್ದೇಗೌಡರೂ, ಮರದ ಅಂದಾಜಿಗೆಂದು ಅವರು ಕರೆಸಿದ್ದ ಹುಣಸೂರಿನ ಮರದ ವ್ಯಾಪಾರಿ ಅನ್ವರ್ ಸಾಬರೂ ನೆರಳಲ್ಲಿ ನಿಂತಿದ್ದರು.

‘ಏನ್ರೀ ಗೌಡ್ರೇ, ಮರ ಕಡಿದು ಮರ ನೆಡೋದಾ?’ ಎಂದೆ.

‘ನಿಮ್ ಪೇಪರ್ನಲ್ಲೇ ಅಂಗದಲ್ಲ ಮೇಡಂ. ಖಾಲಿ ಜಾಗ ಇದ್ರೆ ಬೇಲಿ ಕೊಡ್ತೀವಿ ಅಂತ. ನಮ್ ತಾವ ಖಾಲಿ ಇಲ್ಲ. ಅದ್ಕೇ ಖಾಲಿ ಮಾಡ್ಕೊಡವ ಅಂತ.’

ಅನ್ವರ್ ಸಾಬರು ನಕ್ಕರು. ‘ತಲೆ ಬೋಳಿಸಿ ವಿಗ್ ಕೊಡಿಸ್ತಾವ್ರೆ ಮೇಡಂ ಗೌಡ್ರು.’

‘ಬುಡಿ ಸಾಬ್ರೇ, ಕತ್ರಿ ನಿಮ್ ಕೈಲೇ ಇರೋದು!’

ಮರ ಎಲ್ಲಿಗೆ ಹೋಗುತ್ತದೆ ಎಂದು ಸಾಬರನ್ನು ಕೇಳಿದೆ. ‘ಮಾವಿನಲ್ಲಿ ಒಂದಷ್ಟು ಹಲಗೆ ಬರ್ತದೆ. ಮಿಕ್ಕಿದ್ದೆಲ್ಲ ಬ್ಯಾರನ್‌ಗೇ ಮೇಡಂ’ ಎಂದರು. ಬ್ಯಾರನ್ ಎಂದರೆ ಈ ಕಡೆ ಹೊಗೆಸೊಪ್ಪನ್ನು ಕಾವು ಕೊಟ್ಟು ಹದ ಮಾಡುವ ಗೂಡುಮನೆ. ಅಲ್ಲಿಗೆ ಹೋದ ಸೌದೆ ಒಂದು ಸುಗ್ಗಿಯಲ್ಲಿ ಹೊಗೆಯಾಗುತ್ತದೆ. ದೊಡ್ಡ ಮಾವಿಗೆ ಟೇಪು ಸುತ್ತಿದೆ. ನಾಲ್ಕು ಮೀಟರಿಗೂ ಸ್ವಲ್ಪ ಹೆಚ್ಚೇ ಬಂತು. ಅದೊಂದು ಮರದಲ್ಲಿರುವಷ್ಟು ಇಂಗಾಲ ಕೂಡಿಸಲು ನಮ್ಮ ಸಸಿಗಳು ಎಷ್ಟು ವರ್ಷ ತೆಗೆದುಕೊಂಡಾವು ಎಂಬ ಲೆಕ್ಕ ನನಗೆ ಬರುತ್ತಿತ್ತು. ಕರಡು ಬರೆಯುವಾಗ ಮಾತ್ರ ಅದನ್ನು ಹಾಕಿ ನೋಡಿರಲಿಲ್ಲ.

ಅನುಮತಿ ಇಲ್ಲ ಎಂದುಬಿಡುವುದು ಸುಲಭವಿತ್ತು. ಹೇಳಿಯೂ ಬಿಟ್ಟೆ. ಸಿದ್ದೇಗೌಡರು ಸಿಟ್ಟಾಗಲಿಲ್ಲ. ‘ಬನ್ನಿ ಇಲ್ಲಿ’ ಎಂದು ತೋಪಿನ ಅಂಚಿಗೆ ಕರೆದೊಯ್ದರು. ಎರಡೂ ಕಡೆಯ ಹೊಲಗಳ ಉಳುಮೆ ತೋಪಿನೊಳಗೆ ಬಂದಿತ್ತು. ಒಂದು ಹುಣಸೆಯ ಬುಡದವರೆಗೂ ಹೊಗೆಸೊಪ್ಪಿನ ಸಾಲು.

‘ವರ್ಸಾ ವರ್ಸಾ ಒಂದೊಂದ್ ಸಾಲು ಒಳೀಕ್ ಬತ್ತಾವ್ರೆ. ಮೊದ್ಲು ಬುಡಕ್ಕೆ ಬೆಂಕಿ ಆಕ್ತಾರೆ, ಮರ ಒಣಗ್ತದೆ, ಆಮ್ಯಾಕೆ ನೇಗ್ಲು. ನಾನ್ ಹೇಳಿದ್ರೆ ಯಾರ್ ಕೇಳ್ತಾರೆ? ನಿಮ್ ಬೇಲಿ ಬಿದ್ರೆ ಮರ ಹೋದ್ರೂ ಜಾಗನಾರ ಉಳೀತದೆ ಕಣ್ರೀ. ಇಂಗೇ ಬುಟ್ರೆ ಎರಡೂ ಇಲ್ಲ.’

ತೋಪು ಉಳಿಸುವುದಕ್ಕಾಗಿಯೇ ಅವರು ಮರ ಕಡಿಯಲು ಹೊರಟಿದ್ದರು. ಬೇರೆ ದಾರಿಯನ್ನು ನನ್ನ ಸುತ್ತೋಲೆ ಇಟ್ಟಿರಲಿಲ್ಲ. ನಾನು ಬೇಡವೆಂದು ಬರೆದು ಹೊರಟರೆ ಆ ತೋಪು ನಿಧಾನವಾಗಿ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಆ ವಾರ ಕರಡನ್ನು ತಿರುಗಿಸಿ ಬರೆದೆ. ಮೊದಲು, ಇರುವ ಹಳೆಯ ತೋಪುಗಳ ಸರ್ವೆ ಮಾಡಿಸಿ ಬೇಲಿ ಹಾಕುವುದು. ಆಮೇಲೆ, ಸೊರಗಿದ ಕಾಡುಗಳಿಗೆ ಬೆಂಕಿ ಬೀಳದಂತೆ ಕಾದು ತಾನಾಗಿ ಚಿಗುರಲು ಬಿಡುವುದು. ನಿಜವಾಗಿ ಬರಡಾದ ಜಾಗದಲ್ಲಿ ನೆಡುವುದು ಕೊನೆಗೆ.

ಮೈಸೂರಿನ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಮೊದಲ ಸಾಲಿನಲ್ಲೇ ನಿಲ್ಲಿಸಿದರು. ‘ಇರೋ ಮರ ಇದ್ದೇ ಇರುತ್ತೆ. ಅದರಲ್ಲಿ ಹೆಚ್ಚುವರಿ ಏನು ಬಂತು?’ ಇಂಗಾಲದ ಲೆಕ್ಕದಲ್ಲಿ ‘ಹೆಚ್ಚುವರಿ’ ಮುಖ್ಯವಾದ ಮಾತು. ಯೋಜನೆ ಇಲ್ಲದಿದ್ದರೂ ಉಳಿಯುತ್ತಿದ್ದ ಇಂಗಾಲವನ್ನು ಯೋಜನೆಯ ಫಲವೆಂದು ತೋರಿಸುವಂತಿಲ್ಲ. ಅವರ ಆಕ್ಷೇಪ ನ್ಯಾಯವಾದದ್ದೇ.

‘ಇದ್ದೇ ಇರುತ್ತೆ ಅನ್ನೋದಕ್ಕೆ ಆಧಾರ ಇಲ್ಲ ಸರ್. ಹೋಗುತ್ತೆ ಅನ್ನೋದಕ್ಕೆ ಇದೆ’ ಎಂದು ಸಿದ್ದೇಗೌಡರ ಅರ್ಜಿಯನ್ನು ಮುಂದಿಟ್ಟೆ.

ಅವರು ಎರಡು ಸಲ ಓದಿದರು. ನಕ್ಕರು ಎಂದು ದಿನಚರಿಯಲ್ಲಿದೆ. ನನಗೆ ನೆನಪಿರುವುದು ಅವರು ನಗದೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟದ್ದು. ‘ಈ ಸುತ್ತೋಲೆ ಯಾರು ಬರೆದದ್ದು?’ ಎಂದರು. ನಾನೇ ಎಂದೆ. ಹೊಸ ಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಬ್ಯಾರನ್‌ಗಳ ಸೌದೆ ಉಳಿಸಬೇಕೆಂದು ಕರಡಿನ ಕೊನೆಗೆ ನಾನು ಸೇರಿಸಿದ್ದ ಮಾತು ಮಾತ್ರ ನಮ್ಮ ಇಲಾಖೆಗೆ ಸೇರಿದ್ದಲ್ಲವೆಂದು ಅಡಿಟಿಪ್ಪಣಿಗೆ ಇಳಿಯಿತು. ಅದಕ್ಕಾಗಿ ನಾನು ಇನ್ನಷ್ಟು ವಾದಿಸಬಹುದಿತ್ತು. ಒಂದು ಗೆದ್ದೆನಲ್ಲ ಎಂದು ಸುಮ್ಮನಾದೆ.

ಬೇಸಿಗೆಯಲ್ಲಿ ಸರ್ವೆ ನಡೆಯಿತು. ಗಡಿಕಲ್ಲು ಸಿದ್ದೇಗೌಡರ ತಮ್ಮನ ಹೊಲದೊಳಗೆ ಬಿತ್ತು. ನೋಡಲು ಸೇರಿದ್ದವರಲ್ಲಿ ಯಾರೋ ‘ಏನ್ ಗೌಡ್ರೇ, ಬೇಲಿ ಕೇಳ್ದೋರ ಮನೇಗೇ ಮೊದ್ಲು ಬಂತಲ್ಲ!’ ಎಂದರು. ಸಿದ್ದೇಗೌಡರು ಕಿವಿಗೆ ಹಾಕಿಕೊಳ್ಳದೆ ‘ನೆಡ್ರಲಾ ಕಲ್ಲ’ ಎಂದರು. ನಲವತ್ತೊಂದು ಮರವೂ ಬೇಲಿಯೊಳಗೆ ಉಳಿದವು.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಗೆದ್ದ ಕತೆ. ಆದರೆ ಸುತ್ತೋಲೆ ಅದಕ್ಕೂ ಮೊದಲು ಒಂದು ವರ್ಷ ಊರೂರು ಸುತ್ತಿತ್ತು. ವರ್ಗವಾಗುವ ಮುನ್ನ ಹಳೆಯ ಅನುಮತಿಗಳ ಕಡತ ತರಿಸಿದೆ. ‘ಗಿಡ ನೆಡಲು ಜಾಗ ತೆರವು’ ಎಂಬ ಕಾರಣದ ಎರಡು ಅನುಮತಿಗಳು ಸಿಕ್ಕವು. ಎರಡರಲ್ಲೂ ನನ್ನ ಸಹಿ. ಹಾಕಿದ ನೆನಪು ಎಷ್ಟು ತಡಕಿದರೂ ಸಿಗಲಿಲ್ಲ.

ಅರ್ಜಿಯಲ್ಲಿ ಏನು ಕೇಳಿದ್ದಾರೆ ಎಂದು ಓದುವುದನ್ನು ನೌಕರಿ ಮೊದಲ ವರ್ಷವೇ ಕಲಿಸುತ್ತದೆ. ಹಾಗೆ ಕೇಳುವಂತೆ ಮಾಡಿದ ನಮ್ಮದೇ ಸಾಲು ಯಾವುದು ಎಂದು ಓದಲು ನನಗೆ ಮೂವತ್ತು ವರ್ಷ ಹಿಡಿಯಿತು.

ಎರಡರಲ್ಲಿ ಒಂದು ಜಾಗ ಕೆ.ಆರ್. ನಗರದ ಕಡೆಯದು. ಹೋಗಿ ನೋಡಿದೆ. ಬಿಸಿಲಲ್ಲಿ ಸಾಲಾಗಿ ಸಸಿಗಳು, ಒಂದೂ ಓರೆಯಾಗಿಲ್ಲ. ಹಳೆಯ ಬೊಡ್ಡೆಗಳನ್ನೂ ಅಗೆದು ತೆಗೆದಿದ್ದರು. ಕಾವಲುಗಾರ ಹೆಮ್ಮೆಯಿಂದ ‘ಒಂದೂ ಒಣಗಕ್ಕೆ ಬುಟ್ಟಿಲ್ಲ ಮೇಡಂ, ಕೊಡದಲ್ಲಿ ನೀರ್ ಒತ್ತಿವ್ನಿ’ ಎಂದ. ಚೆನ್ನಾಗಿ ನೋಡಿಕೊಂಡಿದ್ದೀಯ ಎಂದೆ. ಅದು ನಿಜವೇ ಆಗಿತ್ತು. ಇಲ್ಲಿ ಮೊದಲು ಏನಿತ್ತು ಎಂದು ಅವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ.