ಅಜ್ಜಿಯ ಸ್ವರವಿದ್ದ ಡಿಸ್ಕ್

ಜಯಕ್ಕ, ಅಜ್ಜಿ ಹಾಡಿದ ತುಳು ಪಾಡ್ದನಗಳಿದ್ದ ನಿನ್ನ ಪುಟ್ಟ ಪ್ಲೇಯರ್ ತಾನಾಗಿ ಹಾಳಾದದ್ದಲ್ಲ. ಹಾಳಾಗಲಿ ಎಂದೇ ನಾನು ನಿನಗೆ ತಪ್ಪು ದಾರಿ ತೋರಿಸಿದೆ. ಇಷ್ಟು ವರ್ಷ ಇದನ್ನು ನುಂಗಿಕೊಂಡು ನಿನ್ನ ಮನೆಯಲ್ಲಿ ಉಂಡಿದ್ದೇನೆ, ನಕ್ಕಿದ್ದೇನೆ, ನೀನು ಕಟ್ಟಿಕೊಟ್ಟ ಪತ್ರೊಡೆ ತಂದಿದ್ದೇನೆ —

ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕುವುದಿಲ್ಲ. ನೆರಿಯದ ಗದ್ದೆಯಲ್ಲಿ ನೇಜಿ ನೆಡುವಾಗ ಅಜ್ಜಿ ಒಂದು ಸಾಲು ಹಾಡುತ್ತಿದ್ದರು, ನಾವೆಲ್ಲ ಅದನ್ನೇ ತಿರುಗಿ ಹಾಡುತ್ತಿದ್ದೆವು. ಅವರಿಗೆ ಉಸಿರು ಕಟ್ಟಿದರೆ ಮುಂದಿನ ಸಾಲು ನಿನ್ನದು. ಒಮ್ಮೆ ನಾನು ಎತ್ತಿದೆ. ಅಜ್ಜಿ ಸೊಂಟ ನೆಟ್ಟಗೆ ಮಾಡಿ ಎಲ್ಲರ ಎದುರು, "ನೀನು ಹಿಂದಿನಿಂದ ಹೇಳು ಮಗಾ, ಮುಂದಿನದ್ದು ಜಯ ಹೇಳ್ತಾಳೆ" ಎಂದರು. ಬೈದದ್ದೂ ಅಲ್ಲ. ಆದರೂ — ನಾನದನ್ನು ಮನಸ್ಸಿನಿಂದ ಬಿಡಲಿಲ್ಲ. ಆಮೇಲೆ ಭಾವ ದುಬೈಯಿಂದ ಪ್ಲೇಯರ್ ತಂದರು, ನೀನು ಅಜ್ಜಿಯನ್ನು ಕೂರಿಸಿ ರೆಕಾರ್ಡ್ ಮಾಡಿದೆ. ಅವರು ತೀರಿಕೊಂಡ ಮೇಲೆ ಅವರ ಸ್ವರ ಕೇಳಬೇಕೆಂದರೂ ನಾನು ನಿನ್ನ ಬಾಗಿಲಿಗೇ ಬರಬೇಕಾಯಿತು.

ಕುಟುಂಬದಲ್ಲಿ ಕಂಪ್ಯೂಟರ್ ಗೊತ್ತಿದ್ದವಳು ನಾನೊಬ್ಬಳೇ. ಗುರುವಾಯನಕೆರೆಯಲ್ಲಿ ಕೋರ್ಸು ಮಾಡಿದ್ದೆ. ಆ ವಿಷಯದಲ್ಲಿ ನನ್ನ ಮಾತೇ ಕೊನೆ. ಹಾಡು ನಡುನಡುವೆ ನಿಲ್ಲುತ್ತಿದೆ, ಡಿಫ್ರಾಗ್ಮೆಂಟ್ ಮಾಡಿದರೆ ಚದುರಿದ ಫೈಲುಗಳೆಲ್ಲ ಒಂದೆಡೆ ಕೂತು ಸರಿಯಾಗುತ್ತದಂತೆ, ಮಾಡಬಹುದೇ ಎಂದು ನೀನು ಕೇಳಿದೆ. ನಾನು ಪ್ಲೇಯರನ್ನು ಕಿವಿಗೆ ಹಿಡಿದೆ. ಒಳಗಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿತ್ತು. ಸರಿಯಿರುವ ಡಿಸ್ಕಾದರೆ ಚಿಂತೆಯಿಲ್ಲ. ಹೀಗೆ ಸದ್ದು ಮಾಡುವುದಕ್ಕೆ ಬೇರೆ ಕೆಲಸ ಕೊಡದೆ ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಳ್ಳಬೇಕು. ಡಿಫ್ರಾಗ್ಮೆಂಟ್ ಎಂದು ಗಂಟೆಗಟ್ಟಲೆ ಒಂದೇ ಸಮನೆ ತಿರುಗಿಸಿದರೆ ಅದು ಉಳಿಯುವುದಿಲ್ಲ. ನನಗಿದು ಚೆನ್ನಾಗಿ ಗೊತ್ತಿತ್ತು.

"ಅಜ್ಜಿಯ ಸ್ವರ ಹೋಗ್ಲಿಕ್ಕಿಲ್ಲ ಅಲ್ವಾ?" ಎಂದೆ ನೀನು.

"ಎಂತದೂ ಆಗುದಿಲ್ಲ ಅಕ್ಕ, ಧೈರ್ಯದಲ್ಲಿ ಮಾಡು."

ನೀನು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಶುರುಮಾಡಿದೆ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಪ್ಲೇಯರ್ ಕೈಸುಡುವಷ್ಟು ಬಿಸಿಯಾಗಿ ನಿಂತಿತ್ತು. ಮತ್ತೆ ಶುರುವಾಗಲೇ ಇಲ್ಲ. ನೀನು ಅತ್ತೆ. ನಾನೂ ಅತ್ತೆ — ನಾಟಕವಲ್ಲ, ನನ್ನ ಅಜ್ಜಿಯೂ ಹೌದಲ್ಲ. ಆದರೆ ಅಳುತ್ತಿರುವಾಗಲೇ ಒಳಗೊಂದು ಸಮಾಧಾನ: ಇನ್ನು ನಿನ್ನ ಹತ್ತಿರವೂ ಇಲ್ಲ. ನೀನೋ, ಪಾಪ, ತಂಗಿ ಉಳಿಸಲು ಎಷ್ಟು ಒದ್ದಾಡಿದಳು ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ.

ಅಷ್ಟಕ್ಕೇ ಮುಗಿದಿದ್ದರೆ ಹಳೆಯದು ಎಂದು ಸುಮ್ಮನಿರುತ್ತಿದ್ದೆನೋ ಏನೋ. ಮೊನ್ನೆ ಮೂಡುಬಿದಿರೆಯ ನಿನ್ನ ಮನೆಯಲ್ಲಿ ನೀನು ಮಗಳಿಗೆ ಪಾಡ್ದನ ಕಲಿಸುತ್ತಿದ್ದೆ. ನಡುವೆ ಸಾಲು ಮರೆತು ನನ್ನ ಕಡೆ ತಿರುಗಿದೆ. "ನಿನಗೆ ನೆನಪುಂಟಾ?"

ನೆನಪಿತ್ತು. ಹಿಂದಿನಿಂದ ಹೇಳಿ ಹೇಳಿಯೇ ನನಗೆ ಎಲ್ಲ ಸಾಲುಗಳೂ ಬಾಯಿಪಾಠ. ಇಲ್ಲ ಎಂದೆ. ನಿನ್ನ ಮುಖ ಬಾಡಿದ್ದು ನೋಡಿ ನನಗೆ ಖುಷಿಯಾಯಿತು, ಜಯಕ್ಕ. ಈ ವಯಸ್ಸಿನಲ್ಲೂ. ಆ ಖುಷಿ ಕಂಡು ನನಗೆ ನನ್ನ ಮೇಲೇ ಹೇಸಿಗೆ ಬಂತು.

ಭಾನುವಾರ ಬರುತ್ತೇನೆ. ಮೊದಲು ಡಿಸ್ಕಿನ ವಿಷಯ, ಇಲ್ಲಿ ಬರೆದದ್ದನ್ನೇ, ನಿನ್ನ ಮುಖ ನೋಡಿ ಇನ್ನೊಮ್ಮೆ ಹೇಳುತ್ತೇನೆ. ನೀನು ಒಳಗೆ ಕರೆಯದಿದ್ದರೆ ಜಗಲಿಯಲ್ಲೇ ನಿಂತು ನೀನು ಮರೆತ ಆ ಸಾಲು ಹಾಡುತ್ತೇನೆ. ನೀನು ತಿರುಗಿ ಹೇಳಬೇಕೆಂದಿಲ್ಲ. ಮಗಳ ಕಿವಿಗೆ ಬಿದ್ದರೆ ಸಾಕು.