ಮಿರ್ಚಿಗೆ ಹಾಸಿದ ಫ್ಯಾಕ್ಸ್ ಕಾಗದ

ಕೊಟ್ಟೂರಿನ ಒಂದು ದಲಾಲಿ ಅಂಗಡಿಯಲ್ಲಿ ನಾನು ಮೊದಲು ಹಮಾಲನಾಗಿದ್ದೆ, ಆಮೇಲೆ ಗುಮಾಸ್ತನಾದೆ. ಹಮಾಲರಿಗೂ ಗುಮಾಸ್ತನಿಗೂ ನಡುವೆ ಅಲ್ಲಿ ಇದ್ದದ್ದು ಒಂದು ಗೋಡೆ, ಆ ಗೋಡೆಗೆ ಒಂದು ಕಿಟಕಿ. ಆಚೆ ಶೇಂಗಾ ಚೀಲ ಇಳಿಸುವ ಅಂಗಳ, ಒಂದು ಬೇವಿನ ಮರ. ಈಚೆ ಮೇಜು, ಕುರ್ಚಿ, ಫೋನು. ಫ್ಯಾಕ್ಸ್ ಮಿಷನ್ನು ಬಂದದ್ದರಿಂದ ನಾನು ಆಚೆಯಿಂದ ಈಚೆಗೆ ಬಂದೆ.

ನಾನು ಹತ್ತನೇ ಇಯತ್ತೆ ಪಾಸು ಮಾಡಿದ್ದು ತಡವಾಗಿ. ನನ್ನ ಓರಗೆಯವರ ಮಕ್ಕಳು ಶಾಲೆಗೆ ಹೋಗುತ್ತಿದ್ದ ವಯಸ್ಸಿನಲ್ಲಿ, ಚೀಲ ಹೊತ್ತು ಬಂದು ಸಂಜೆ ಪುಸ್ತಕ ಹಿಡಿಯುತ್ತಿದ್ದೆ. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಮತ್ತೆ ಎದ್ದೆ. ಅದೇ ಹೊತ್ತಿಗೆ ಹೊರ ಊರಿನ ಎಣ್ಣೆ ಗಿರಣಿಯವರು ಅಂಗಡಿಯ ಸಾಹುಕಾರರಿಗೆ, "ಫ್ಯಾಕ್ಸ್ ಇಟ್ಟುಕೊಂಡರೆ ಮಾತ್ರ ಆರ್ಡರ್ ಕಳಿಸುತ್ತೇವೆ" ಎಂದಿದ್ದರು. ಮಿಷನ್ನು ಬಂತು. ಅದರಲ್ಲಿ ಬಂದದ್ದನ್ನು ಓದಿ ಉತ್ತರ ಬರೆಯುವವರು ಇರಲಿಲ್ಲ. ಸಾಹುಕಾರರು ಕಿಟಕಿಯಲ್ಲಿ ನಿಂತು ನನ್ನನ್ನು ಕರೆದರು.

"ನೀ ಪಾಸಾಗಿಯಂತಲ್ಲ. ಕೈ ತೊಳಕಂಡು ಒಳಗ ಬಾ."

ಕೈ ತೊಳೆದುಕೊಂಡು ಹೋದೆ. ಅಂಗಳದಲ್ಲಿ ನನ್ನ ಜೋಡಿಯಾಗಿ ಚೀಲ ಎತ್ತುತ್ತಿದ್ದ ಹಿರಿಯ ಹಮಾಲ ಒಬ್ಬ ಇದ್ದ. ಚೀಲದ ಒಂದು ಕಿವಿ ಅವನು, ಇನ್ನೊಂದು ಕಿವಿ ನಾನು, ಹೀಗೆ ವರ್ಷಗಟ್ಟಲೆ ಎತ್ತಿದ್ದೆವು. ನಾನು ಅವನನ್ನು ಮಾವ ಎನ್ನುತ್ತಿದ್ದೆ, ಅವನು ನನ್ನನ್ನು ಅಳಿಯ ಎನ್ನುತ್ತಿದ್ದ. ಕೊಡಲಿಕ್ಕೆ ಅವನಿಗೆ ಹೆಣ್ಣುಮಕ್ಕಳೇ ಇರಲಿಲ್ಲ, ಆದರೂ ಅಳಿಯ. ನಾನು ಕುರ್ಚಿಯಲ್ಲಿ ಕೂತ ಮರುದಿನ ಅವನು ಕಿಟಕಿಗೆ ಬಂದು ಹೇಳಿದ:

"ಸಾಹೇಬ್ರ, ಲಾರಿ ಬಂದೈತ್ರಿ."

ಚೇಷ್ಟೆ ಮಾಡುತ್ತಿದ್ದಾನೆ ಎಂದು ನಕ್ಕೆ. ಅವನು ನಗಲಿಲ್ಲ. ಲಾರಿಯ ನಂಬರು ಹೇಳಿ, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಹೋದ.

ಮಧ್ಯಾಹ್ನ ಹಮಾಲರೆಲ್ಲ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಒಬ್ಬನ ಪುಂಡಿಪಲ್ಲೆ, ಇನ್ನೊಬ್ಬನ ಚಟ್ನಿಪುಡಿ, ಎಲ್ಲರ ರೊಟ್ಟಿ ಒಂದೇ ಕಡೆ ಸೇರುತ್ತಿದ್ದವು. ನಾನು ಮೇಜಿನ ಮೇಲೆ ಬುತ್ತಿ ಬಿಚ್ಚಿದೆ. ಮಿಷನ್ನು ಬಿಟ್ಟು ಏಳಬಾರದು ಎಂದು ಸಾಹುಕಾರರ ಅಪ್ಪಣೆ ಇತ್ತು. ಮನೆಯಲ್ಲೂ ನಾನು ಒಬ್ಬನೇ. ಬೆಳಿಗ್ಗೆ ನಾನೇ ತಟ್ಟಿದ ರೊಟ್ಟಿಯನ್ನು ಮಧ್ಯಾಹ್ನ ನಾನೇ ತಿನ್ನುವಾಗ ಅದರ ರುಚಿ ಮೊದಲೇ ಗೊತ್ತಿರುತ್ತದೆ. ಚೀಲ ಹೊರುವಾಗ ಆ ರೊಟ್ಟಿ ಯಾರದೋ ಕೈಗೆ ಹೋಗಿ, ಯಾರದೋ ರೊಟ್ಟಿ ನನ್ನ ಕೈಗೆ ಬರುತ್ತಿತ್ತು.

ಮಿಷನ್ನು ಮೊದಲ ತಿಂಗಳು ಅಂಗಡಿಯ ಕೆಲಸದ ಕಾಗದ ಮಾತ್ರ ಕೊಡುತ್ತಿತ್ತು. ಒಂದು ದಿನ ಅದು ಸಿಳ್ಳೆ ಹಾಕಿ, ನಿಧಾನವಾಗಿ ಒಂದು ಚಿತ್ರವನ್ನು ಹೊರಗೆ ತಳ್ಳಿತು. ಎರಡು ತೆಂಗಿನ ಮರ, ಸಮುದ್ರ, ಮರಳಿನಲ್ಲಿ ಒಂದು ಒರಗು ಕುರ್ಚಿ. ಗೋವಾದ ಒಂದು ಹೋಟೆಲಿನ ಜಾಹೀರಾತು. ಮೇಲೆ 'ಡಿಯರ್ ಸರ್' ಎಂದಿತ್ತು. ಡಿಯರ್ ಎಂದರೆ ಪ್ರಿಯ ಎಂದು ನನಗೆ ಗೊತ್ತಿತ್ತು, ಆದರೂ ನಿಘಂಟು ತೆಗೆದು ನೋಡಿದೆ. ಪ್ರಿಯ ಎಂದೇ ಇತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸಾಹುಕಾರರ ತಂದೆ ಬರೀ ಪೋಸ್ಟ್ ಕಾರ್ಡಿನ ಮೇಲೆ ವ್ಯಾಪಾರ ಕಟ್ಟಿದವರು. ಬೆಳಿಗ್ಗೆ ಬಂದ ಕಾರ್ಡಿಗೆ ಸಂಜೆ ದೀಪ ಹಚ್ಚುವುದರೊಳಗೆ ಉತ್ತರ ಹೋಗಬೇಕು. ಉತ್ತರ ಹೋದ ಮೇಲೆ ಆ ಕಾರ್ಡನ್ನು ಸಾಹುಕಾರರು ಕೂಡುವ ಗದ್ದಿಗೆಯ ಪಕ್ಕದ ತಂತಿಗೆ ಚುಚ್ಚುವುದು. ದೀಪ ಹಚ್ಚುವಾಗ ತಂತಿಗೆ ಚುಚ್ಚದ ಕಾಗದ ಇದ್ದರೆ ಸಾಹುಕಾರರು ಊದುಬತ್ತಿಯನ್ನು ದೇವರಿಗೆ ಬೆಳಗದೆ, ಉತ್ತರ ಹೋಗುವವರೆಗೆ ಕೈಯಲ್ಲೇ ಹಿಡಿದು ಕಾಯುತ್ತಿದ್ದರು.

"ಅದೇನು ಬಂದೈತಿ?" ಎಂದು ಅಂದು ಸಾಹುಕಾರರು ಗೋವಾದ ಕಾಗದ ತೋರಿಸಿ ಕೇಳಿದರು.

"ಗೋವಾದಾಗ ಹೋಟ್ಲು ಐತಂತ್ರಿ. ಬಂದು ಇರ್ರಿ ಅಂತ ಬರದಾರ."

ಅವರು ಸ್ವಲ್ಪ ಯೋಚಿಸಿದರು. "ಅವ್ರು ಶೇಂಗಾ ತಗೋತಾರೇನು, ಕೇಳು."

ನಾನು ಗೆರೆ ಹಾಕಿದ ಹಾಳೆಯ ಮೇಲೆ, ಒಂದೊಂದೇ ಅಕ್ಷರ ಜೋಡಿಸಿ, ಇಂಗ್ಲಿಷಿನಲ್ಲಿ ಬರೆದೆ. ತಮ್ಮ ಕಾಗದ ಮುಟ್ಟಿತು. ಸದ್ಯಕ್ಕೆ ನಮಗೆ ಗೋವಾದಲ್ಲಿ ಹೋಟೆಲು ಬೇಕಾಗಿಲ್ಲ. ಬೇಕಾದಾಗ ತಿಳಿಸುತ್ತೇವೆ. ತಮಗೆ ಒಳ್ಳೆಯ ಶೇಂಗಾ ಬೇಕಾದರೆ ತಿಳಿಸಿರಿ. ಕೆಳಗೆ 'ತಮ್ಮ ವಿಶ್ವಾಸಿ' ಎಂದು ಬರೆದು, ಮಿಷನ್ನಿಗೆ ಇಟ್ಟು ಕಳಿಸಿದೆ. ಅದು ಒಳಗೆ ಹೋಗುವವರೆಗೂ ನಿಂತೇ ಇದ್ದೆ.

ಆಮೇಲೆ ಬರತೊಡಗಿದವು. ಸಿಂಗಾಪುರದ ಪ್ರವಾಸ, ಕಂಪ್ಯೂಟರ್ ಕೋರ್ಸು, ಹೊಟ್ಟೆ ಕರಗಿಸುವ ಬೆಲ್ಟು, ನೀರು ಶುದ್ಧ ಮಾಡುವ ಯಂತ್ರ, ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಮ್ಯಾನೇಜರುಗಳಿಗೆ ತರಬೇತಿ. ಒಂದಕ್ಕೂ ಉತ್ತರ ತಪ್ಪಿಸಲಿಲ್ಲ. ಪ್ರತಿಯೊಬ್ಬರಿಗೂ ಈಗ ಬೇಡ ಎಂದೂ, ಶೇಂಗಾ ಬೇಕೇ ಎಂದೂ ಬರೆದೆ. ನನ್ನ ಇಂಗ್ಲಿಷು ಅದರಿಂದಲೇ ಸುಧಾರಿಸಿತು. ಶೇಂಗಾ ಮಾತ್ರ ಯಾರೂ ಕೇಳಲಿಲ್ಲ. ತಂತಿ ತುಂಬಿತು. ಇನ್ನೊಂದು ತಂತಿ ಹಾಕಿದೆ. ಅದೂ ತುಂಬಿದಾಗ ಸಾಹುಕಾರರು, "ಹಳೇವು ತಗದು ಹಾಕು" ಎಂದರು. ಸುರುಳಿ ಸುತ್ತಿಕೊಳ್ಳುವ ಆ ನುಣುಪು ಕಾಗದಗಳನ್ನು ಬಿಸಾಡಲು ಮನಸ್ಸು ಬಾರದೆ ಕಿಟಕಿಯ ಕೆಳಗೆ ಒಂದು ಡಬ್ಬಿಯಲ್ಲಿ ಇಟ್ಟೆ.

ಒಂದು ಸಾಯಂಕಾಲ ಲಾರಿ ತುಂಬುವುದು ತಡವಾಗಿ, ಹಮಾಲರು ಗೇಟಿನ ಬಳಿಯ ತಿಂಡಿ ಗಾಡಿಯಿಂದ ಮಂಡಕ್ಕಿ, ಕಡಲೆಹಿಟ್ಟಿನಲ್ಲಿ ಕರಿದ ಮಿರ್ಚಿ ತಂದರು. ಗಾಡಿಯವನ ಹತ್ತಿರ ಪೇಪರು ಮುಗಿದಿತ್ತಂತೆ. ಮಾವ ಬಿಸಿ ಮಿರ್ಚಿಗಳನ್ನು ಟವೆಲಿನಲ್ಲಿ ಹಿಡಿದು ಕಿಟಕಿಗೆ ಬಂದ.

"ಸಾಹೇಬ್ರ, ಒಂದು ಹಾಳಿ ಇದ್ರ ಕೊಡ್ರಿ. ಕೈ ಸುಡಾಕತ್ತೈತಿ."

ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದು ಗೋವಾ. ಕಿಟಕಿಯ ಕಟ್ಟೆಯ ಮೇಲೆ ಹಾಸಿದೆ. ಅವನು ಮಿರ್ಚಿ ಸುರಿದ. ನೋಡುನೋಡುತ್ತಿದ್ದಂತೆ ಮಿರ್ಚಿಯ ಸುತ್ತ ಕಾಗದ ಕರ್ರಗಾಯಿತು. ಅವನು ಹಿಂದೆ ಸರಿದ.

"ಲೇ ಅಳಿಯಾ, ಸುಟ್ಟೈತಿ ನೋಡಲೇ."

ನಾನು ಒಂದು ಮಿರ್ಚಿ ಎತ್ತಿದೆ. ಸಮುದ್ರದ ನಡುವೆ ಮಿರ್ಚಿಯ ಆಕಾರದಲ್ಲೇ ಒಂದು ಕಪ್ಪು ಗುರುತು. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು, ಮಿಷನ್ನು ಅಕ್ಷರ ಮೂಡಿಸುವುದೂ ಬಿಸಿಯಿಂದಲೇ ಎಂದು ಹೇಳಿದೆ. ಅಷ್ಟರಲ್ಲಿ ಉಳಿದವರೂ ಬಂದು ಇಣುಕಿದರು.

"ತೆಂಗಿನ ಗಿಡ ಹೋತು ನೋಡ್ರೋ."

"ಗೋವಾಕ್ಕ ಬೆಂಕಿ ಬಿದ್ದೈತಿ, ಸಾಹೇಬ್ರು ಒಳಗ ಆರಾಮ ಕುಂತಾರ."

ಎಲ್ಲರೂ ನಕ್ಕರು. ಮಾವನೂ ನಕ್ಕ. ನನಗೂ ಒಂದು ಮಿರ್ಚಿ ಕಿಟಕಿಯೊಳಗೆ ಬಂತು. ಅವನ ಬಾಯಿಂದ ಅಳಿಯಾ ಎಂದು ಬಂದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಬರುವುದಿಲ್ಲ ಅನ್ನಿಸಿತು.

ಅಂದಿನಿಂದ ಅದೊಂದು ರೂಢಿಯಾಯಿತು. ಗಾಡಿಯವನಲ್ಲಿ ಪೇಪರು ಇದ್ದರೂ ಅವರು ಮಿರ್ಚಿಯನ್ನು ಟವೆಲಿನಲ್ಲೇ ತಂದು ಕಿಟಕಿಗೆ ಬರುತ್ತಿದ್ದರು. ಕಟ್ಟೆಗೆ ಮೊಣಕೈ ಊರಿ ನಿಲ್ಲುತ್ತಿದ್ದರು.

"ಇವತ್ತು ಯಾವೂರು ಬಂದೈತ್ರಿ?"

"ಸಿಂಗಾಪುರ."

"ಅದನ್ನ ಇವಂಗ ಹಾಸ್ರಿ. ಹರಪನಹಳ್ಳಿ ದಾಟಿಲ್ಲ ಇವನು."

"ನೀ ಬಾಳ ದಾಟಿಬಿಟ್ಟಿ. ಹಡಗಲಿ ಬಸ್ಸಿನ್ಯಾಗ ವಾಂತಿ ಮಾಡ್ಕಂಡು ತಂಬ್ರಹಳ್ಳ್ಯಾಗ ಇಳಿದಾವ."

ಹೊಟ್ಟೆ ಕರಗಿಸುವ ಬೆಲ್ಟಿನ ಚಿತ್ರ ಬಂದ ದಿನ, ಅದರಲ್ಲಿದ್ದ ದಪ್ಪ ಹೊಟ್ಟೆಯ ಮೇಲೇ ಸರಿಯಾಗಿ ಮಿರ್ಚಿ ಇಡಬೇಕೆಂದು ಜಗಳವಾಯಿತು. ನಾನು ಒಳಗೆ ಕುರ್ಚಿಯಲ್ಲಿ, ಅವರು ಹೊರಗೆ, ನಡುವೆ ಕಂಬಿ. ಆದರೂ ಆ ಕಾಲು ಗಂಟೆ ನಾನು ಅಂಗಳದಲ್ಲೇ ಇದ್ದ ಹಾಗಿರುತ್ತಿತ್ತು. ಮಧ್ಯಾಹ್ನವಿಡೀ ಆ ಹೊತ್ತಿಗಾಗಿ ಕಾಯುತ್ತಿದ್ದೆ. ಮಿಷನ್ನು ಸಿಳ್ಳೆ ಹಾಕಿದರೆ, ಯಾವೂರು ಬಂತೋ ಎಂದು ಎದ್ದು ನೋಡುತ್ತಿದ್ದೆ.

ಆದರೆ ಕಾಗದದ ಸುರುಳಿ ಬೇಗಬೇಗ ಮುಗಿಯುತ್ತಿತ್ತು. ಹೊಸ ಸುರುಳಿ ಹೊಸಪೇಟೆಯಿಂದ ಬರಬೇಕು. ಒಂದು ದಿನ ಬೆಳಿಗ್ಗೆ ಅಂಗಡಿ ತೆಗೆದಾಗ ನೆಲದ ತುಂಬ ಜಾಹೀರಾತು ಬಿದ್ದಿತ್ತು, ಸುರುಳಿ ಖಾಲಿಯಾಗಿತ್ತು. ಇನ್ನೊಂದು ಸುರುಳಿ ಅಂಗಡಿಯಲ್ಲಿ ಇರಲಿಲ್ಲ. ಹತ್ತು ಗಂಟೆಗೆ ಎಣ್ಣೆ ಗಿರಣಿಯವರು ಫೋನು ಮಾಡಿದರು. ಆರ್ಡರ್ ಕಳಿಸಿದರೆ ನಿಮ್ಮ ಮಿಷನ್ನು ತೆಗೆದುಕೊಳ್ಳುತ್ತಿಲ್ಲ, ಬೇರೆ ಅಂಗಡಿಗೆ ಕೊಟ್ಟುಬಿಟ್ಟೆವು ಎಂದರು. ಸಾಹುಕಾರರು ಫೋನು ಇಟ್ಟು, ನೆಲದ ಮೇಲಿನ ಕಾಗದ ನೋಡಿದರು.

"ಇನ್ನೊಂದ್ಸಲ ಹಿಂಗಾದ್ರ ಮಿಷನ್ನಿನ ತಂತಿ ಕಿತ್ತು ಅಟ್ಟಕ್ಕ ಹಾಕ್ತೀನಿ. ಮಿಷನ್ ಇಲ್ಲದ ಮ್ಯಾಲೆ ಕುರ್ಚಿ ಯಾಕ ಬೇಕು? ನೀ ಚೀಲಕ್ಕ ಹೋಗು."

ಅವರು ಕೂಗಾಡುವವರಲ್ಲ. ಹೇಳಿದ್ದನ್ನು ಮಾಡುವವರು.

ಚೀಲಕ್ಕೆ ಹೋದರೆ ಜೊತೆ ಸಿಗುತ್ತಿತ್ತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಸಂಜೆಯ ಅಷ್ಟು ವರ್ಷಗಳ ಓದು ಆ ಕುರ್ಚಿಯಲ್ಲಿತ್ತು. ನಾನು ಪಾಸಾದಾಗ ಇದೇ ಹಮಾಲರು ಸಕ್ಕರೆ ಹಂಚಿದ್ದರು. ನಮ್ಮವನೊಬ್ಬ ಒಳಗೆ ಕೂತ ಎಂದು ಮಾವ ಗಾಡಿಯವನಿಗೆ ಹೇಳುವುದನ್ನು ನಾನೇ ಕೇಳಿದ್ದೆ. ಅವನೆದುರಿಗೆ ಕುರ್ಚಿ ಬಿಟ್ಟು ಹೊರಗೆ ಬಂದು ಚೀಲದ ಕಿವಿ ಹಿಡಿಯಲು ನನ್ನಿಂದ ಆಗುತ್ತಿರಲಿಲ್ಲ.

ಇಷ್ಟೊಂದು ಜಾಹೀರಾತುಗಳು ನಮಗೇ ಏಕೆ ಬರುತ್ತವೆ ಎಂದು ತಿಳಿಯಲು ಆ ವಾರವೆಲ್ಲ ಪ್ರತಿಯೊಂದನ್ನೂ ನಿಘಂಟು ಇಟ್ಟುಕೊಂಡು ಕೊನೆಯವರೆಗೆ ಓದಿದೆ. ಅದುವರೆಗೆ ಮೇಲಿನ ನಾಲ್ಕು ಸಾಲು ಓದಿ ಉತ್ತರ ಬರೆಯುತ್ತಿದ್ದೆ. ಒಂದರ ತಳದಲ್ಲಿ ಸಣ್ಣ ಅಕ್ಷರದಲ್ಲಿತ್ತು: ತಾವು ಆಸಕ್ತಿ ತೋರಿಸಿ ಬರೆದದ್ದಕ್ಕೆ ವಂದನೆಗಳು, ತಮ್ಮ ನಂಬರನ್ನು ನಮ್ಮ ಬೇರೆ ಕಂಪನಿಗಳಿಗೂ ಕೊಟ್ಟಿದ್ದೇವೆ. ಎರಡು ಸಲ ಓದಿದೆ. ನನ್ನ ಉತ್ತರಗಳೇ ಅವರನ್ನು ಕರೆಯುತ್ತಿದ್ದವು. ಬೇಡ ಎಂದು ಬರೆದದ್ದನ್ನು ಅವರು ಓದಿರಲಿಲ್ಲ. ಬರೆದೆ ಎನ್ನುವುದನ್ನಷ್ಟೇ ನೋಡಿದ್ದರು.

ಸಾಹುಕಾರರಿಗೆ ಹೇಳಿದೆ. "ಉತ್ರ ಬರೆಯೋದು ಬಿಟ್ರ ನಿಂದ್ರತಾವ್ರಿ ಇವು."

"ನಮ್ಮಪ್ಪನ ಕಾಲದಿಂದ ಈ ಅಂಗಡ್ಯಾಗ ಉತ್ರ ಇಲ್ಲದ ಕಾಗದ ಉಳಿದಿಲ್ಲ," ಎಂದರು. ಒಂದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. "ಇದರಾಗ ನನ್ನ ಹೆಸರು ಎಲ್ಲೈತಿ?"

"ಇಲ್ರಿ. ಸರ್ ಅಂತ ಐತಿ."

"ಹೆಸರಿಲ್ಲಂದ್ರ ಕಾಗದ ಅಲ್ಲ ಬಿಡು. ಗ್ವಾಡಿಗೆ ಹಚ್ಚೋ ಪೋಸ್ಟರ್. ಅದಕ್ಕ್ಯಾರು ಉತ್ರ ಬರೀತಾರ?"

ಅವರು ಎಷ್ಟು ಸುಲಭವಾಗಿ ಹೇಳಿಬಿಟ್ಟರು. ಅಷ್ಟು ದಿನ ನಾನು ಆ 'ಸರ್' ಎನ್ನುವವನು ನಾನೇ ಎಂದುಕೊಂಡಿದ್ದೆ.

ಉತ್ತರ ನಿಲ್ಲಿಸಿದೆ. ಮೊದಮೊದಲು ದೀಪ ಹಚ್ಚುವ ಹೊತ್ತಿಗೆ ಕೈ ತಾನೇ ಗೆರೆ ಹಾಳೆಯ ಕಡೆ ಹೋಗುತ್ತಿತ್ತು. ನಿಧಾನಕ್ಕೆ ಅವೂ ಕಡಿಮೆಯಾದವು. ಬೆಲ್ಟಿನವರು ಬಿಟ್ಟರು, ಸಿಂಗಾಪುರದವರು ಬಿಟ್ಟರು, ಗೋವಾದವರು ಎಲ್ಲರಿಗಿಂತ ಕೊನೆಗೆ ಬಿಟ್ಟರು. ಆ ಬೇಸಿಗೆ ಮುಗಿಯುವುದರೊಳಗೆ ಮಿಷನ್ನು ಗಿರಣಿಯವರಿಗಾಗಿ ಮಾತ್ರ ಸಿಳ್ಳೆ ಹಾಕತೊಡಗಿತು. ಸಾಹುಕಾರರು ಮತ್ತೆ ಮಿಷನ್ನಿನ ತಂತಿ ಕೀಳುವ ಮಾತೆತ್ತಲಿಲ್ಲ. ಕುರ್ಚಿ ಉಳಿಯಿತು.

ಡಬ್ಬಿಯಲ್ಲಿದ್ದ ಹಳೆಯವನ್ನು ಕೆಲವು ದಿನ ಮಿರ್ಚಿಗೆ ಹಾಸಲು ಕೊಟ್ಟೆ. ಅವೂ ಮುಗಿದವು.

"ಇವತ್ತು ಯಾವೂರ್ರಿ?"

"ಇವತ್ತು ಯಾವೂರೂ ಇಲ್ಲ ಮಾವಾ."

"ಹೌದೇನ್ರಿ," ಎಂದು ಅವನು ಮಿರ್ಚಿಯ ಟವೆಲನ್ನು ಇನ್ನೊಂದು ಕೈಗೆ ಬದಲಿಸಿದ. ಹಳೆಯ ಪೇಪರು ಕೊಟ್ಟೆ. ಅದರ ಮೇಲೆ ಮಿರ್ಚಿ ಇಟ್ಟರೆ ಎಣ್ಣೆ ಮಾತ್ರ ಹರಡಿತು. ಯಾರಿಗೂ ನಗು ಬರಲಿಲ್ಲ. ಪೇಪರೇ ಆದರೆ ಗಾಡಿಯವನ ಹತ್ತಿರವೇ ಇರುತ್ತದೆ. ಅವರು ಅಲ್ಲೇ ಕಟ್ಟಿಸಿಕೊಂಡು ಮರದ ಕೆಳಗೆ ಹೋಗತೊಡಗಿದರು. ಸಾಹೇಬರನ್ನು ಏಕೆ ತೊಂದರೆಗೆ ಹಚ್ಚಬೇಕು ಎಂದೇ ಹಾಗೆ ಮಾಡಿದ್ದಾರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಸಾಹುಕಾರರು ಹಗರಿಬೊಮ್ಮನಹಳ್ಳಿಗೆ ಮದುವೆಗೆ ಹೋಗಿದ್ದ ಒಂದು ದಿನ ನಾನೇ ಗಾಡಿಗೆ ಹೋಗಿ ಮಿರ್ಚಿ ಕಟ್ಟಿಸಿಕೊಂಡು ಬೇವಿನ ಮರದ ಕಡೆ ನಡೆದೆ. ಅವರು ಯಾವುದೋ ಮಾತಿನಲ್ಲಿ ಜೋರಾಗಿ ನಗುತ್ತಿದ್ದರು. ನನ್ನನ್ನು ನೋಡಿ ನಗು ನಿಂತಿತು. ಮಾವ ಎದ್ದು ನಿಂತ.

"ಯಾಕ್ರಿ ಸಾಹೇಬ್ರ, ಲಾರಿ ಬಂತೇನ್ರಿ?"

"ಇಲ್ಲ ಮಾವಾ. ಸುಮ್ನ ಬಂದೆ."

"ಬರ್ರಿ, ಬರ್ರಿ," ಎಂದು ಹಿಂದೆ ತಿರುಗಿದ. "ಲೇ, ಸಾಹೇಬ್ರಿಗೆ ಚೀಲ ಹಾಸ್ರಲೇ. ಹೊಸಾದು ಹಾಸ್ರಿ."

"ಬ್ಯಾಡ ಮಾವಾ, ನೆಲದ ಮ್ಯಾಲ ಕುಂದ್ರತೀನಿ."

"ಬಟ್ಟಿ ಹೊಲಸಾಗ್ತಾವ್ರಿ."

ಹೊಸ ಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. ಎಲ್ಲರೂ ಮಣ್ಣಿನಲ್ಲಿ, ನಾನು ಚೀಲದ ಮೇಲೆ, ಅವರಿಗಿಂತ ಎರಡು ಬೆರಳು ಎತ್ತರ. ಮಿರ್ಚಿ ಬಿಚ್ಚಿದೆ. ಎಲ್ಲರೂ ಒಂದೊಂದು ತೆಗೆದುಕೊಂಡರು, ಚೆನ್ನಾಗಿದೆ ಎಂದರು. ಮುಂಚೆ ಯಾವುದಕ್ಕೆ ನಗುತ್ತಿದ್ದಿರಿ ಎಂದು ಕೇಳಿದೆ. ಏನಿಲ್ರಿ, ಹಂಗ ಸುಮ್ನ ಎಂದರು. ಅಷ್ಟರಲ್ಲಿ ಒಳಗಿನಿಂದ ಮಿಷನ್ನಿನ ಸಿಳ್ಳೆ ಕೇಳಿತು.

"ಹೋಗ್ರಿ ಸಾಹೇಬ್ರ, ನಿಮ್ಮದು ಬಂತು," ಎಂದ ಮಾವ.

ಗಿರಣಿಯವರ ಆರ್ಡರು. ಸಾಹುಕಾರರ ಹೆಸರಿಗೆ, ಸರಿಯಾಗಿ ಬರೆದ ಕಾಗದ. ಹರಿದು ಮೇಜಿನ ಮೇಲೆ ಬಿಡಿಸಿಟ್ಟೆ. ಕಿಟಕಿಯಿಂದ ನೋಡಿದರೆ, ಮಾವ ನಾನು ಕೂತಿದ್ದ ಚೀಲವನ್ನು ಕೊಡವಿ, ಮಡಚಿ, ಹೊಸ ಚೀಲಗಳ ಗುಡ್ಡೆಯ ಮೇಲೆ ಜೋಪಾನವಾಗಿ ಇಡುತ್ತಿದ್ದ. ಮರದ ಕೆಳಗೆ ಮಾತು ಮತ್ತೆ ಶುರುವಾಗಿತ್ತು. ನಾನು ಗೆರೆ ಹಾಳೆ ತೆಗೆದುಕೊಂಡು ಉತ್ತರ ಬರೆಯಲು ಕುಳಿತೆ.