ಕಿವಿ ಮುಟ್ಟಿಕೊಂಡ ಅಕ್ಕ

ನಮ್ಮಕ್ಕನ ಬಲಗೈ ತೋರುಬೆರಳಿನ ತುದಿ ಹುಣಸೆ ಬೀಜದಷ್ಟು ಗಟ್ಟಿ. ಏಳನೆಯ ವಯಸ್ಸಿನಿಂದ ಅಪ್ಪನ ಎದುರು ಕೂತು ತಬಲಾ ಬಾರಿಸಿ ಬಂದ ಜಡ್ಡು ಅದು. ಇಳಕಲ್ಲಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಆಕೆ ತಾಳ ಬಿಡುತ್ತಿರಲಿಲ್ಲ. "ರೊಟ್ಟಿ ಬಡಿ ಅಂದ್ರ ತಬಲಾ ಬಡೀತಾಳ ನೋಡ್ರಿ ಇಕಿ" ಎಂದು ಅವ್ವ ಬೈದರೆ ಅಪ್ಪ ಮೀಸೆಯಡಿ ನಗುತ್ತಿದ್ದರು. ನನ್ನನ್ನೂ ಕಲಿಯಲು ಕೂರಿಸಿದ್ದರು. ಆರೇ ತಿಂಗಳಿಗೆ ಕೈಮುಗಿದು ಎಬ್ಬಿಸಿದರು.

ಅಪ್ಪ ನಾಟಕ ಕಂಪನಿಗಳಲ್ಲಿ ತಬಲಾ ಬಾರಿಸಿ ಹೆಸರಾದವರು. ಅಂಥವರ ಮಗಳು ಕಾಲೇಜು ಓದಲು ಬಾಗಲಕೋಟೆಯ ವಿದ್ಯಾಗಿರಿಗೆ ಹೋಗಿ, ಹೆವಿ ಮೆಟಲ್ ಎಂಬ ಅಬ್ಬರದ ಪಾಶ್ಚಾತ್ಯ ಸಂಗೀತ ನುಡಿಸುವ ಗುಂಪಿನಲ್ಲಿ ಡ್ರಮ್ಸ್ ಬಾರಿಸತೊಡಗಿದಳು. ಗದ್ದಲವನ್ನಾದರೂ ಅಪ್ಪ ಸಹಿಸುತ್ತಿದ್ದರೇನೋ. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುತ್ತಾರೆ ಎಂದು ತಿಳಿದ ದಿನ ಅವರ ಮುಖ ಬಿಳಿಚಿತು. ವಾದ್ಯಕ್ಕೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮನೆ ನಮ್ಮದು.

"ಕಂಪನಿಯೊಳಗ ಮಾಸ್ತರು ಕಾಲುಪೆಟಿಗಿ ತುಳೀತಿದ್ರಲ್ಲಪ್ಪಾ, ಅದು ವಾದ್ಯ ಅಲ್ಲೇನ?" ಎಂದಳು ಅಕ್ಕ.

"ಅದು ಹಾರ್ಮೋನಿಯಂಗೆ ಗಾಳಿ ಹಾಕೂದು. ನೀ ಮಾಡೂದು ವಾದ್ಯಕ್ಕ ಒದಿಯೂದು. ಬಾರಿಸ್ಕೋ ಹೋಗು. ಆದ್ರ ಗುರು ಅಂತ ಎಲ್ಲೂ ನನ್ನ ಹೆಸರು ಹೇಳಬ್ಯಾಡ."

ಸಂಗೀತದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಕ್ಕ ಡ್ರಮ್ಸನ್ನೂ ಬಿಡಲಿಲ್ಲ, ಅಪ್ಪನ ಮಾತನ್ನೂ ಮೀರಲಿಲ್ಲ. ಮೂರು ವರ್ಷ, ಯಾರಾದರೂ ಗುರುಗಳು ಯಾರೆಂದು ಕೇಳಿದರೆ, ಗುರುವಿನ ಹೆಸರೆತ್ತುವಾಗ ಸಂಗೀತಗಾರರು ಮಾಡುವಂತೆ ಕಿವಿ ಮುಟ್ಟಿಕೊಳ್ಳುತ್ತಿದ್ದಳು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ನನಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಹೋದ ವರ್ಷ ವಿದ್ಯಾಗಿರಿಯಲ್ಲಿ ಅಕ್ಕನ ಗುಂಪಿನ ಕಾರ್ಯಕ್ರಮವಿತ್ತು. "ಬಾಗಲಕೋಟಿ ದವಾಖಾನಿಗೆ ಹೋಗೂದೈತಿ, ಕಣ್ಣು ತೋರಸ್ಬೇಕು" ಎಂದು ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಕಣ್ಣಿನ ಡಾಕ್ಟರು ಇಳಕಲ್ಲಿನಲ್ಲೂ ಇದ್ದಾರೆ. ಬಸ್ಸಿಳಿದವರು ದವಾಖಾನೆಯ ಕಡೆ ತಿರುಗದೆ ನೆಟ್ಟಗೆ ಕಾರ್ಯಕ್ರಮಕ್ಕೆ ನಡೆದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಅಕ್ಕ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಬಾಟಲಿಯ ನೀರಿನಿಂದ ಕಾಲು ತೊಳೆದುಕೊಂಡು, ದೊಡ್ಡ ಡ್ರಮ್ಮಿಗೆ ಹಣೆ ಹಚ್ಚಿ ಕೂತಳು. ಗಿಟಾರು ಅಬ್ಬರಿಸಿದಾಗ ಅಪ್ಪ ಮುಖ ಗಂಟಿಕ್ಕಿದರು. ಆಮೇಲೆ ಉಳಿದವರೆಲ್ಲ ನಿಲ್ಲಿಸಿ ಅಕ್ಕ ಒಬ್ಬಳೇ ಬಾರಿಸತೊಡಗಿದಳು. ಎರಡೂ ಬರಿಗಾಲು ಪೆಡಲಿನ ಮೇಲೆ ಓಡುತ್ತಿದ್ದವು. ಅಪ್ಪನ ಬೆರಳು ನನ್ನ ತೊಡೆಯ ಮೇಲೆ ತಾಳ ಎಣಿಸುತ್ತಿತ್ತು.

"ಲೇ, ಕಾಲಾಗ ತಬಲಾದ ತಿರಕಿಟ ಹಾಕ್ಯಾಳಲೇ! ನನಗ ಕೈಯಾಗೂ ಇಷ್ಟು ಸಾಫ್ ಬರ್ತಿದ್ದಿಲ್ಲ" ಎಂದು ನನ್ನ ತೋಳು ಹಿಂಡಿದರು.

ಕೊನೆಗೆ ನಿರೂಪಕಿ ಮೈಕು ಹಿಡಿದು ಅಕ್ಕನನ್ನು ಕೇಳಿದಳು: "ಯಾರ ಹತ್ರ ಕಲ್ತೀರಿ?" ಅಕ್ಕ ಕಿವಿ ಮುಟ್ಟಿಕೊಂಡಳು, ಅಷ್ಟೇ. ಅಪ್ಪ ಮುಂದಿನ ಕುರ್ಚಿ ಹಿಡಿದು ಎದ್ದರು.

"ಹೇಳವ್ವಾ! ನನ್ನ ಹೆಸರು ಹೇಳು!"

ಅಕ್ಕ ಹೇಳಿದಳು. ಅಪ್ಪನ ಹೆಸರು, ಅಪ್ಪನ ಗುರುಗಳ ಹೆಸರು, ಊರು ಎಲ್ಲ ಪೂರ್ತಿ ಹೇಳಿದಳು. ಹಟವನ್ನೂ ಮರ್ಯಾದೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು ಎಂದು ನಾನು ಕಲಿತದ್ದು ಆಕೆಯಿಂದ. ಅಂದು ಅಕ್ಕಪಕ್ಕದ ಕುರ್ಚಿಯವರಿಗೆಲ್ಲ ಕರೆಕರೆದು ಹೇಳಿದೆ, "ನಮ್ಮಕ್ಕ ರೀ ಅಕಿ, ನಮ್ಮಕ್ಕ." ಈಗಲೂ ಹೇಳುತ್ತೇನೆ.